ಈ ಪಾತ್ರದಲ್ಲಿ ಇನ್ನು ಮುಂದೆ…

ಧಾರಾವಾಹಿ ನೋಡುವವರಿಗೆಲ್ಲ ಈ ಸಾಲು ಗೊತ್ತು. ನಿನ್ನೆಯವರೆಗೆ ಒಬ್ಬರು ಅಪ್ಪನಾಗಿದ್ದರು, ಇವತ್ತು ಬಾಗಿಲು ತೆಗೆದುಕೊಂಡು ಇನ್ಯಾರೋ ಒಳಗೆ ಬರುತ್ತಾರೆ. ಮನೆಯವರೆಲ್ಲ ಏನೂ ಆಗದವರ ಹಾಗೆ ‘ಅಪ್ಪಾ, ಕಾಫಿ ತರ್ಲಾ?’ ಅಂತ ಕೇಳುತ್ತಾರೆ. ಆಗ ತೆರೆಯ ಕೆಳಗೆ ಒಂದು ಪಟ್ಟಿ ಬರುತ್ತದೆ. ‘ಈ ಪಾತ್ರದಲ್ಲಿ ಇನ್ನು ಮುಂದೆ’ ಅಂತ, ಪಕ್ಕದಲ್ಲಿ ಹೊಸಬರ ಹೆಸರು. ಐದಾರು ಸೆಕೆಂಡು ಇರುತ್ತದೆ, ಹೋಗುತ್ತದೆ. ಅಲ್ಲಿಗೆ ಅಪ್ಪ ಬದಲಾದ ಹಾಗೆ.

2020ರ ಜೂನ್‌ನಲ್ಲಿ ಆ ಪಟ್ಟಿಯಲ್ಲಿ ನನ್ನ ಹೆಸರು ಬಂತು. ನನ್ನ ಹೆಂಡತಿ ಮೊಬೈಲ್ ಹಿಡಿದುಕೊಂಡು ಟೀವಿ ಮುಂದೆ ಕಾದು ಕೂತು, ಅದರ ಫೋಟೋ ತೆಗೆದು ನೆಂಟರಿಷ್ಟರಿಗೆಲ್ಲ ಕಳಿಸಿದಳು. ನಾನೂ ಹಿಗ್ಗಿದೆ, ಸುಳ್ಳು ಯಾಕೆ ಹೇಳಲಿ. ಆದರೆ ಆ ಸಾಲಿನ ಬಗ್ಗೆ ಅವತ್ತಿನಿಂದ ಇವತ್ತಿನವರೆಗೂ ಯೋಚನೆ ಮಾಡುತ್ತಲೇ ಇದ್ದೇನೆ. ನಟ ಬದಲಾದರೂ ಪಾತ್ರ ಮುಂದುವರಿಯುವ ಈ ಪದ್ಧತಿ ಎಲ್ಲಿಂದ ಬಂತು? ಬೇರೆಯವರು ಇದನ್ನು ಹೇಗೆ ಮಾಡಿದರು? ನಮ್ಮ ಸಾಲು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ? ನನ್ನ ಕಥೆಯ ಜೊತೆಗೆ ಅದನ್ನೂ ಇಲ್ಲಿ ಬರೆಯುತ್ತೇನೆ.

ನಾನು ಬ್ಯಾಂಕಿನಿಂದ ಸ್ವಯಂ ನಿವೃತ್ತಿ ತಗೊಂಡವನು. ಬೆಂಗಳೂರಿನ ಹವ್ಯಾಸಿ ತಂಡಗಳಲ್ಲಿ ಸುಮಾರು ಮೂವತ್ತು ವರ್ಷ ನಾಟಕ ಆಡಿದ್ದೇನೆ. ಟೀವಿಯಲ್ಲಿ ಮಾತ್ರ ಡಾಕ್ಟರು, ಲಾಯರು, ಗಂಡಿನ ಕಡೆಯ ಸೋದರಮಾವ, ಹೀಗೆ ಒಂದು ದಿನ ಎರಡು ದಿನದ ಪಾತ್ರಗಳು. ‘ಗಾಬರಿಯಾಗುವಂಥದ್ದೇನಿಲ್ಲ, ಆದರೆ ಇಪ್ಪತ್ತನಾಲ್ಕು ಗಂಟೆ ಕಳೀಬೇಕು’ ಎನ್ನುವ ಡಾಕ್ಟರ ಮಾತನ್ನು ಎಷ್ಟು ಧಾರಾವಾಹಿಗಳಲ್ಲಿ ಹೇಳಿದ್ದೇನೋ ನನಗೇ ಲೆಕ್ಕವಿಲ್ಲ.

ಆ ವರ್ಷ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಶೂಟಿಂಗ್ ಎಲ್ಲ ನಿಂತಿತು. ಚಾನೆಲ್‌ಗಳಲ್ಲಿ ಹಳೆಯ ಕಂತುಗಳೇ ಮತ್ತೆ ಮತ್ತೆ ಬರುತ್ತಿದ್ದವು. ಮೇ ಕೊನೆಯ ಹೊತ್ತಿಗೆ ಒಳಾಂಗಣ ಚಿತ್ರೀಕರಣ ಶುರುವಾದಾಗ ಎಲ್ಲರಿಗೂ ಒಂದೇ ಭಯ. ಕಡಿಮೆ ಜನ, ಮಾಸ್ಕು, ಬಾಗಿಲಲ್ಲೇ ಜ್ವರ ನೋಡುವ ಯಂತ್ರ. ವಯಸ್ಸಾದ ಕಲಾವಿದರನ್ನು ಸೆಟ್ಟಿಗೆ ಕರೆಸಬೇಕೋ ಬೇಡವೋ ಅನ್ನುವ ಪ್ರಶ್ನೆ ಬೇರೆ. ಅಂಥ ಹೊತ್ತಿನಲ್ಲಿ ಒಂದು ಧಾರಾವಾಹಿಯ ಮ್ಯಾನೇಜರ್ ಫೋನ್ ಮಾಡಿದರು.

‘ಸರ್, ಡೇಟ್ಸ್ ಇದ್ಯಾ? ಅಪ್ಪನ ಪಾತ್ರ. ತಿಂಗಳಿಗೆ ಹನ್ನೆರಡು ಹದಿಮೂರು ದಿನ ಬರುತ್ತೆ.’

ಧಾರಾವಾಹಿಯ ಹೆಸರು ಹೇಳಿದರು. ಆಗಲೇ 700 ಕಂತು ದಾಟಿದ್ದ, ನಮ್ಮ ಮನೆಯಲ್ಲೂ ನೋಡುತ್ತಿದ್ದ ಧಾರಾವಾಹಿ. ಅದರಲ್ಲಿ ನಿವೃತ್ತ ಹೆಡ್‌ಮಾಸ್ತರಾದ ಅಪ್ಪನ ಪಾತ್ರ ಮಾಡುತ್ತಿದ್ದವರು ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು, ರಂಗಭೂಮಿಯವರೇ.

‘ಅವರು?’ ಅಂದೆ.

‘ರೆಸ್ಟ್‌ನಲ್ಲಿದ್ದಾರೆ ಸರ್.’

ನಾನು ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಮೂರು ತಿಂಗಳಿಂದ ಕೈಗೆ ಒಂದು ರೂಪಾಯಿ ಬಂದಿರಲಿಲ್ಲ ಅನ್ನುವುದು ಒಂದು ಕಾರಣ. ಕೇಳಿದರೆ ಪಾತ್ರ ಕೈತಪ್ಪೀತು ಅನ್ನುವುದು ಇನ್ನೊಂದು.

ರಾಜರಾಜೇಶ್ವರಿ ನಗರದಲ್ಲಿ ಒಂದು ಬಾಡಿಗೆ ಶೂಟಿಂಗ್ ಮನೆ. ಮೊದಲ ದಿನ ಮೊದಲ ಕೆಲಸ ಏನು ಗೊತ್ತೇ? ನನ್ನ ಮದುವೆ. ಹಾಲ್‌ನ ಗೋಡೆ ಮೇಲೆ ಅಪ್ಪ ಅಮ್ಮನ ಹಳೆಯ ಫೋಟೋ ಇತ್ತಲ್ಲ, ಅದರಲ್ಲಿ ಈಗ ನಾನಿರಬೇಕು. ನನಗೊಂದು ಹಾರ, ಅಮ್ಮನ ಪಾತ್ರದ ಹಿರಿಯ ಕಲಾವಿದೆಗೊಂದು ಹಾರ. ಇಬ್ಬರನ್ನೂ ನಿಲ್ಲಿಸಿ ಫೋಟೋ ಹೊಡೆದು ಮಧ್ಯಾಹ್ನದೊಳಗೆ ಪ್ರಿಂಟ್ ಹಾಕಿಸಿ ತಂದರು. ಅದುವರೆಗೆ ಆಕೆ ನನ್ನ ಜೊತೆ ಆಡಿದ್ದು ‘ನಮಸ್ಕಾರ’ ಒಂದೇ ಮಾತು.

ಸೆಟ್ ಹುಡುಗ ಗೋಡೆಯಿಂದ ಫ್ರೇಮ್ ಇಳಿಸಿ ಹೊಸ ಫೋಟೋವನ್ನು ಹಳೆಯದರ ಮೇಲೆಯೇ ತೂರಿಸಿದ. ಹಳೆಯದನ್ನು ತೆಗೆಯುವುದಿಲ್ಲವೇ ಅಂತ ಕೇಳಿದೆ.

‘ತೆಗೆಯೋದ್ಯಾಕೆ ಸರ್, ನಾಳೆ ಅವ್ರೇ ವಾಪಸ್ ಬಂದ್ರೆ?’

ಅವನಿಗೆ ಯಾವ ಕೆಟ್ಟ ಉದ್ದೇಶವೂ ಇರಲಿಲ್ಲ. ಆದರೆ ಆ ಮನೆಯಲ್ಲಿ ನನ್ನ ಸ್ಥಾನ ಏನು ಅನ್ನುವುದು ಆ ಒಂದೇ ಮಾತಿನಲ್ಲಿ ಗೊತ್ತಾಯಿತು. ಜುಬ್ಬಾಗಳೂ ಅವರವೇ. ತೋಳು ಎರಡಿಂಚು ಗಿಡ್ಡ. ಮಡಚಿಕೊಳ್ಳಿ ಸರ್, ಕ್ಯಾಮೆರಾದಲ್ಲಿ ಗೊತ್ತಾಗಲ್ಲ ಅಂದರು.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ನಟ ಬದಲಾಗಿ ಪಾತ್ರ ಉಳಿಯುವುದು ನಮ್ಮವರಿಗೆ ಹೊಸದೇನಲ್ಲ. ಯಕ್ಷಗಾನದಲ್ಲಿ ಇಡೀ ರಾತ್ರಿಯ ಆಟವಾದರೆ ಒಂದೇ ಪಾತ್ರವನ್ನು ಇಬ್ಬರು ವೇಷಧಾರಿಗಳು ಹಂಚಿಕೊಂಡು ಮಾಡುವುದುಂಟು. ನಡುರಾತ್ರಿ ಕಳೆದ ಮೇಲೆ ಅದೇ ಪಾತ್ರ ಬೇರೆ ಮುಖದಲ್ಲಿ ರಂಗಕ್ಕೆ ಬರುತ್ತದೆ. ಪ್ರೇಕ್ಷಕರು ಯಾರೂ ‘ಇವನ್ಯಾರು’ ಅಂತ ಎದ್ದು ಕೇಳುವುದಿಲ್ಲ. ಕಿರೀಟ ನೋಡಿದರೆ ಗೊತ್ತಾಗುತ್ತದೆ, ಭಾಗವತರ ಪದ ಕೇಳಿದರೆ ಗೊತ್ತಾಗುತ್ತದೆ.

ಕಂಪನಿ ನಾಟಕದಲ್ಲೂ ಹಾಗೆಯೇ. ಗುಬ್ಬಿ ಕಂಪನಿ ಶುರುವಾದದ್ದು 1884ರಲ್ಲಿ. ಅಂಥ ಕಂಪನಿಗಳು ಊರಿಂದೂರಿಗೆ ಕ್ಯಾಂಪ್ ಹಾಕುತ್ತ ದಶಕಗಟ್ಟಲೆ ನಡೆದವು ಅಂದರೆ, ಪಾತ್ರಗಳು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತಲೇ ಇದ್ದವು ಅಂತಲೇ ಅರ್ಥ. ಒಬ್ಬರಿಗೆ ಗಂಟಲು ಕಟ್ಟುತ್ತಿತ್ತು, ಒಬ್ಬರು ಇನ್ನೊಂದು ಕಂಪನಿ ಸೇರುತ್ತಿದ್ದರು, ಬಾಲಪಾತ್ರದ ಹುಡುಗನಿಗೆ ಮೀಸೆ ಬರುತ್ತಿತ್ತು. ನಾಟಕ ನಿಲ್ಲುತ್ತಿರಲಿಲ್ಲ. ನಮ್ಮಜ್ಜಿ ಹೇಳುತ್ತಿದ್ದರು, ಯಾರಾದರೂ ಹೊಸಬರು ರಾಜಾಪಾರ್ಟು ಮಾಡುತ್ತಾರೆ ಅಂದರೆ ಅದೇ ನಾಟಕಕ್ಕೆ ಮತ್ತೆ ಹೋಗುತ್ತಿದ್ದರಂತೆ, ಹಳಬರ ಜೊತೆ ತೂಗಿ ನೋಡುವುದಕ್ಕೆ. ಬದಲಾವಣೆ ಅಲ್ಲಿ ಮುಚ್ಚಿಡುವ ವಿಷಯವಲ್ಲ, ಟಿಕೆಟ್ ಮಾರುವ ವಿಷಯ.

ಸಿನಿಮಾ ಬಂದ ಮೇಲೆ ಇದು ತಿರುಗಾಮುರುಗಾ ಆಯಿತು. ಸಿನಿಮಾದಲ್ಲಿ ಒಂದು ಪಾತ್ರಕ್ಕೆ ಒಂದೇ ಮುಖ. ರೀಲಿಗೆ ಅಂಟಿಕೊಂಡ ಮೇಲೆ ಮುಗಿಯಿತು. ಟೀವಿ ಧಾರಾವಾಹಿ ಇವೆರಡರ ನಡುವೆ ಸಿಕ್ಕಿಕೊಂಡ ಕೂಸು. ಮುಖ ಸಿನಿಮಾದ ಹಾಗೆ ಹತ್ತಿರದಿಂದ ಕಾಣುತ್ತದೆ, ದಿನವೂ ಕಾಣುತ್ತದೆ. ಆದರೆ ಆಟ ಮಾತ್ರ ಕಂಪನಿ ನಾಟಕದ ಹಾಗೆ ವರ್ಷಗಟ್ಟಲೆ ನಡೆಯಬೇಕು.

ಹೀಗಾಗಿ ಜಗತ್ತಿನ ಎಲ್ಲ ಟೀವಿಗಳೂ ಈ ಕಷ್ಟಕ್ಕೆ ಒಂದೊಂದು ದಾರಿ ಹುಡುಕಿಕೊಂಡವು. ಅಮೆರಿಕದ ‘ಬಿವಿಚ್ಡ್’ ಎಂಬ ಹಾಸ್ಯ ಧಾರಾವಾಹಿಯಲ್ಲಿ ಗಂಡನ ಪಾತ್ರ ಮಾಡುತ್ತಿದ್ದವರು ಡಿಕ್ ಯಾರ್ಕ್. ಅವರಿಗೆ ಹಳೆಯ ಬೆನ್ನುನೋವು. 1969ರಲ್ಲಿ ಆಗುವುದೇ ಇಲ್ಲ ಅನ್ನುವ ಹಂತಕ್ಕೆ ಬಂದು ಬಿಟ್ಟರು. ಅವರ ಜಾಗಕ್ಕೆ ಡಿಕ್ ಸಾರ್ಜೆಂಟ್ ಬಂದರು. ಕಥೆಯಲ್ಲಿ ಒಂದು ಮಾತೂ ಇಲ್ಲ, ಕಾರಣವೂ ಇಲ್ಲ. ಹೆಂಡತಿ ಹೊಸ ಗಂಡನ ಜೊತೆ ಹಳೆಯ ಸಂಸಾರವನ್ನೇ ಮುಂದುವರಿಸಿದಳು. ಇದು ಬಾಯಿ ಮುಚ್ಚಿಕೊಂಡು ಮುಂದೆ ಹೋಗುವ ದಾರಿ.

ಇಂಗ್ಲೆಂಡಿನ ಬಿಬಿಸಿ ಇನ್ನೊಂದು ದಾರಿ ಹಿಡಿಯಿತು. 1963ರಲ್ಲಿ ಶುರುವಾದ ‘ಡಾಕ್ಟರ್ ಹೂ’ನ ನಾಯಕ ವಿಲಿಯಂ ಹಾರ್ಟ್‌ನೆಲ್ ಅವರ ಆರೋಗ್ಯ ಮೂರೇ ವರ್ಷದಲ್ಲಿ ಕೆಟ್ಟಿತು. ಕಥೆಯ ನಾಯಕ ಹೇಗೂ ಈ ಲೋಕದವನಲ್ಲವಲ್ಲ, ಅವನು ಮೈ ಬದಲಾಯಿಸಬಲ್ಲ ಅಂತ ಮಾಡಿಬಿಟ್ಟರು. 1966ರ ಅಕ್ಟೋಬರ್ 29ರ ಕಂತಿನಲ್ಲಿ ಹಾರ್ಟ್‌ನೆಲ್ ನೆಲಕ್ಕೆ ಬಿದ್ದರು, ಮುಖ ಬೆಳಕಾಯಿತು, ಅಲ್ಲಿ ಪ್ಯಾಟ್ರಿಕ್ ಟ್ರೌಟನ್ ಇದ್ದರು. ಇವತ್ತಿಗೂ ಆ ಧಾರಾವಾಹಿಯ ಅಭಿಮಾನಿಗಳು ಮೊದಲನೇ ಡಾಕ್ಟರ್, ಎರಡನೇ ಡಾಕ್ಟರ್ ಅಂತ ಎಣಿಸಿಯೇ ಮಾತಾಡುತ್ತಾರೆ. ಈ ಎಣಿಕೆಯ ಮಾತು ನೆನಪಿಟ್ಟುಕೊಳ್ಳಿ, ಇದಕ್ಕೆ ಮತ್ತೆ ಬರುತ್ತೇನೆ.

ಮೂರನೆಯದು ಸ್ವಲ್ಪ ನೋವಿನ ಕಥೆ. ‘ಡಲ್ಲಾಸ್’ ಧಾರಾವಾಹಿಯಲ್ಲಿ ಮನೆಯ ಹಿರಿಯ ತಾಯಿಯಾಗಿದ್ದವರು ಬಾರ್ಬರಾ ಬೆಲ್ ಗೆಡ್ಡಿಸ್. ಹೃದಯದ ಶಸ್ತ್ರಚಿಕಿತ್ಸೆಯ ನಂತರ ಅವರು ಪಾತ್ರ ಬಿಟ್ಟರು. 1984ರಲ್ಲಿ ಆಸ್ಕರ್ ಗೆದ್ದ ನಟಿ ಡೋನಾ ರೀಡ್ ಬಂದರು. ಮರುವರ್ಷವೇ ಹಳೆಯ ತಾಯಿ ವಾಪಸ್ ಬರಲು ಒಪ್ಪಿದ್ದೇ ತಡ, ಡೋನಾ ರೀಡ್ ಅವರನ್ನು ಕೈಬಿಟ್ಟರು. ಆಕೆ ಕೋರ್ಟಿಗೆ ಹೋದರು, ರಾಜಿಯಾಗಿ ಹಣವೂ ಬಂತು. 1986ರ ಜನವರಿಯಲ್ಲಿ ತೀರಿಕೊಂಡರು. ಇದನ್ನು ಓದಿದಾಗ ನನಗೆ ಆ ಸೆಟ್ ಹುಡುಗನೇ ನೆನಪಾದ. ಅವರ ಫೋಟೋದ ಹಿಂದೆಯೂ ಇನ್ನೊಂದು ಫೋಟೋ ಇತ್ತು.

ನಮ್ಮ ದೇಶದಲ್ಲಿ ಮೊದಮೊದಲು ಈ ಸಮಸ್ಯೆ ಅಷ್ಟಾಗಿ ಇರಲಿಲ್ಲ. ಯಾಕೆ ಅಂದರೆ ಧಾರಾವಾಹಿಗಳು ಚಿಕ್ಕವಿದ್ದವು. ದೂರದರ್ಶನದ ಲೆಕ್ಕ ಹದಿಮೂರರ ಮಗ್ಗಿ. ವಾರಕ್ಕೊಂದು ಕಂತು, 13 ವಾರ ಅಂದರೆ ಮೂರು ತಿಂಗಳು. ನಮ್ಮ ಶಂಕರ್‌ನಾಗ್ ಆಗುಂಬೆಯಲ್ಲಿ ತೆಗೆದ ‘ಮಾಲ್ಗುಡಿ ಡೇಸ್’ 39 ಕಂತು, ಹದಿಮೂರು ಮೂರಲಿ. 1984ರ ‘ಹಮ್ ಲೋಗ್’ 150 ಕಂತು ದಾಟಿದ್ದೇ ಆಗಿನ ಕಾಲಕ್ಕೆ ದೊಡ್ಡ ಸಂಗತಿ. ಇಷ್ಟರಲ್ಲಿ ಒಬ್ಬ ನಟನಿಗೆ ಬೇರೆ ಕಡೆ ಹೋಗುವಷ್ಟು ಪುರುಸೊತ್ತೂ ಇರುತ್ತಿರಲಿಲ್ಲ, ಬೇಸರವೂ ಬರುತ್ತಿರಲಿಲ್ಲ.

ದಿನಾ ಬರುವ ಧಾರಾವಾಹಿ ಬಂದ ಮೇಲೆ ಲೆಕ್ಕವೇ ಬದಲಾಯಿತು. ಕನ್ನಡದಲ್ಲಿ 1994ರಲ್ಲಿ ಉದಯ ಟಿವಿ ಬಂತು. 1998ರ ಹೊತ್ತಿಗೆ ದೂರದರ್ಶನದಲ್ಲಿ ಟಿ.ಎನ್. ಸೀತಾರಾಮ್ ಮತ್ತು ಗೆಳೆಯರ ‘ಮಾಯಾಮೃಗ’ ಬಂದು ದಿನವೂ ಧಾರಾವಾಹಿಗೆ ಕಾಯುವ ಅಭ್ಯಾಸ ಹತ್ತಿಸಿತು. 2000ದ ಡಿಸೆಂಬರ್‌ನಲ್ಲಿ ಈಟಿವಿ ಕನ್ನಡ, 2006ರಲ್ಲಿ ಜೀ ಕನ್ನಡ, 2007ರಲ್ಲಿ ಸುವರ್ಣ. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದು ಕಂತು ಅಂದರೆ ವರ್ಷಕ್ಕೆ 260. ಸಾವಿರ ಕಂತು ಅಂದರೆ ಹತ್ತಿರ ಹತ್ತಿರ ನಾಲ್ಕು ವರ್ಷ. ನಾಲ್ಕು ವರ್ಷದಲ್ಲಿ ಮನುಷ್ಯನಿಗೆ ಏನೇನು ಆಗುವುದಿಲ್ಲ ಹೇಳಿ? ಮದುವೆ ಆಗುತ್ತದೆ, ಮಗು ಆಗುತ್ತದೆ, ಸಿನಿಮಾದಲ್ಲಿ ಅವಕಾಶ ಸಿಗುತ್ತದೆ, ಸಂಭಾವನೆಯ ಮಾತಿಗೆ ಮನಸ್ತಾಪ ಬರುತ್ತದೆ, ಸಕ್ಕರೆ ಕಾಯಿಲೆ ಬರುತ್ತದೆ. ಕಂತು ಮಾತ್ರ ನಾಳೆ ಅದೇ ಹೊತ್ತಿಗೆ ಹೋಗಲೇಬೇಕು. ಆದ್ದರಿಂದ ಕಲಾವಿದರು ಬದಲಾಗುವುದಕ್ಕೆ ಒಬ್ಬರ ದುರಹಂಕಾರವೋ ಇನ್ನೊಬ್ಬರ ಕುತಂತ್ರವೋ ಕಾರಣ ಅಂತ ಹುಡುಕುವುದಕ್ಕಿಂತ ಮೊದಲು ಈ 260ರ ಲೆಕ್ಕವನ್ನು ನೋಡಬೇಕು.

ಹಿಂದಿಯಲ್ಲಿ 2000ದ ಜುಲೈನಲ್ಲಿ ಶುರುವಾದ ‘ಕ್ಯೂಂಕಿ ಸಾಸ್ ಭಿ ಕಭಿ ಬಹು ಥಿ’ ಎಂಟು ವರ್ಷ ನಡೆಯಿತು. ಮಿಹಿರ್ ಪಾತ್ರವನ್ನು ಅಮರ್ ಉಪಾಧ್ಯಾಯ್, ಇಂದರ್ ಕುಮಾರ್, ರೋನಿತ್ ರಾಯ್ ಹೀಗೆ ಮೂವರು ಮಾಡಿದರು. ತುಳಸಿ ಅಂದರೆ ಸ್ಮೃತಿ ಇರಾನಿ ಅಂತಲೇ ದೇಶಕ್ಕೆಲ್ಲ ಗೊತ್ತಿದ್ದಾಗ, ನಡುವೆ ಸ್ವಲ್ಪ ಕಾಲ ಗೌತಮಿ ಕಪೂರ್ ತುಳಸಿಯಾಗಿದ್ದರು. ಆಮೇಲೆ ಸ್ಮೃತಿ ಇರಾನಿಯೇ ಮರಳಿ ಬಂದರು. ಕನ್ನಡದಲ್ಲಿ ‘ಪುಟ್ಟಗೌರಿ ಮದುವೆ’ಯ ಪುಟ್ಟ ಗೌರಿ ಸಾನ್ಯಾ ಅಯ್ಯರ್, ಬೆಳೆದ ಗೌರಿ ರಂಜನಿ ರಾಘವನ್. ಅಲ್ಲಿ ಕಥೆಯೇ ವರ್ಷಗಳನ್ನು ಹಾರಿತು, ಆದ್ದರಿಂದ ಯಾರಿಗೂ ಇರಿಸುಮುರುಸಾಗಲಿಲ್ಲ. ‘ಲಕ್ಷ್ಮೀ ಬಾರಮ್ಮ’ದ ಚಿನ್ನು ಹಾಗಲ್ಲ. ಕವಿತಾ ಗೌಡ ಹೋಗಿ ರಶ್ಮಿ ಪ್ರಭಾಕರ್ ಬಂದರು. ವಯಸ್ಸು ಹಾರಲಿಲ್ಲ, ಮುಖ ಮಾತ್ರ ಬದಲಾಯಿತು. ಅಂಥ ಕಡೆ ಬರುವವರ ಎದೆ ಎಷ್ಟು ಡವಗುಟ್ಟಿರಬೇಕು ಅಂತ ನನಗೆ ಈಗ ಗೊತ್ತು.

ನನ್ನ ವಿಷಯಕ್ಕೆ ಬರುತ್ತೇನೆ. ಹಳೆಯ ಅಪ್ಪನಿಗೆ ಒಂದು ಅಭ್ಯಾಸವಿತ್ತು. ಮುಖ್ಯವಾದ ಮಾತು ಹೇಳುವ ಮೊದಲು ಕನ್ನಡಕ ತೆಗೆದು, ಪಂಚೆಯ ಅಂಚಿನಿಂದ ನಿಧಾನವಾಗಿ ಒರೆಸಿ, ಮತ್ತೆ ಹಾಕಿಕೊಂಡು, ಆಮೇಲೆ ಮಾತಾಡುತ್ತಿದ್ದರು. ಜನಕ್ಕೆ ಅದು ಬಹಳ ಇಷ್ಟ. ಆ ಮೇಷ್ಟ್ರ ಘನತೆ ಎಲ್ಲ ಅದರಲ್ಲೇ ಇದೆ ಅಂತ ನನಗೂ ಅನ್ನಿಸಿತ್ತು. ನಾನು ಹಳೆಯ ಕಂತುಗಳನ್ನು ನೋಡಿ ನೋಡಿ ಕನ್ನಡಿ ಮುಂದೆ ಕಲಿತೆ. ಮೊದಲ ವಾರ ಪ್ರತಿ ದೃಶ್ಯದಲ್ಲೂ ಒರೆಸಿದ್ದೇ ಒರೆಸಿದ್ದು. ಒಂದು ದಿನ ನಿರ್ದೇಶಕರು ಕಟ್ ಹೇಳಿ, ‘ಸರ್, ಗಾಜು ಸವೆದು ಹೋಗುತ್ತೆ’ ಅಂದರು. ಎಲ್ಲರೂ ನಕ್ಕರು. ಅಮ್ಮನ ಪಾತ್ರದವರು ಮಾತ್ರ ನಗಲಿಲ್ಲ. ಬ್ರೇಕ್‌ನಲ್ಲಿ ಹತ್ತಿರ ಬಂದು, ‘ನೋಡಿ, ನೀವು ಅವರ ಹಾಗೆ ಮಾಡಿದಾಗೆಲ್ಲ ನಂಗೆ ಅವರು ಇಲ್ಲ ಅಂತ ನೆನಪಾಗುತ್ತೆ. ನಿಮ್ಮ ಹಾಗೆ ಮಾಡಿ. ನಾನೂ ನಿಮಗೆ ಹೊಸದಾಗಿ ಹೆಂಡತಿ ಆಗ್ಬೇಕಲ್ಲ’ ಅಂದರು.

ಹೊರಗೂ ಅದೇ ಕಥೆ. ತರಕಾರಿ ಅಂಗಡಿಯಾಕೆ ಮಾಸ್ಕಿನ ಮೇಲಿನ ಕಣ್ಣು ನೋಡಿಯೇ ಗುರುತು ಹಿಡಿದು, ‘ಪರ್ವಾಗಿಲ್ಲ ಸಾರ್, ಆದ್ರೆ ಹಳೇ ಅಪ್ಪನೇ ಅಪ್ಪ’ ಅಂದಳು. ಬೇಸರವಾಯಿತು. ಆಮೇಲೆ ಯೋಚಿಸಿದರೆ, 700 ದಿನ ಮನೆಗೆ ಬಂದವರನ್ನು ಒಂದು ವಾರದಲ್ಲಿ ಮರೆತಿದ್ದರೆ ಅದಲ್ಲವೇ ಬೇಸರ ಪಡಬೇಕಾದ ಸಂಗತಿ?

ಅಂತೂ ಎರಡು ತಿಂಗಳು ಕಳೆದ ಮೇಲೆ ಧೈರ್ಯ ಮಾಡಿ ಆ ಹಿರಿಯರಿಗೆ ಫೋನ್ ಮಾಡಿದೆ. ಮೊದಲೇ ಮಾಡಬೇಕಿತ್ತು. ನಾಟಕದವರಲ್ಲಿ ಒಬ್ಬರ ಪಾತ್ರ ತಗೊಂಡರೆ ಹೋಗಿ ಕಾಲು ಮುಟ್ಟಿ ಬರುವ ರೂಢಿ ಇತ್ತು. ಕೊರೊನಾ ನೆಪ ಹೇಳಿಕೊಂಡು ನಾನು ಅದನ್ನು ತಪ್ಪಿಸಿದ್ದೆ. ಅವರು ಸಿಟ್ಟಾಗಲಿಲ್ಲ. ‘ನೋಡ್ತಾ ಇದೀನಿ ಕಣಪ್ಪಾ, ದಿನಾ ನೋಡ್ತೀನಿ’ ಅಂದರು. ಕನ್ನಡಕದ ವಿಷಯ ನಾನೇ ತೆಗೆದೆ. ಅವರು ಜೋರಾಗಿ ನಕ್ಕರು.

‘ಅಯ್ಯೋ, ಅದು ಅಭಿನಯ ಅಲ್ಲಪ್ಪ! ಪ್ರಾಂಪ್ಟಿಂಗ್ ಸರಿಯಾಗಿ ಕೇಳಿಸ್ತಿರ್ಲಿಲ್ಲ ನಂಗೆ. ಆ ಹುಡುಗ ಇನ್ನೊಂದ್ಸಲ ಹೇಳ್ಲಿ ಅಂತ ಕನ್ನಡಕ ಒರೆಸ್ತಿದ್ದೆ. ಒಂದು ಕಿವಿ ಮಂದ ನೋಡು.’

ಟೀವಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸೆಟ್ಟಿನಲ್ಲಿ ಮಾತುಗಳನ್ನು ಮೊದಲೇ ಬಾಯಿಪಾಠ ಮಾಡುವಷ್ಟು ಸಮಯ ಇರುವುದಿಲ್ಲ. ಕ್ಯಾಮೆರಾದ ಹಿಂದೆ ನಿಂತು ಸಹಾಯಕ ನಿರ್ದೇಶಕರೊಬ್ಬರು ಒಂದೊಂದೇ ಸಾಲು ಓದುತ್ತಾರೆ, ನಾವು ಹೇಳುತ್ತ ಹೋಗುತ್ತೇವೆ. ನಾನು ಕನ್ನಡಿ ಮುಂದೆ ನಿಂತು ಕಲಿತದ್ದು ಒಬ್ಬ ಹಿರಿಯರ ಕಿವುಡುತನವನ್ನು ಮುಚ್ಚಿಡುವ ಉಪಾಯ! ಅವರ ಜಾಣತನಕ್ಕೆ ಅಲ್ಲೇ ಕೈಮುಗಿದೆ.

ಮಾತು ಮುಗಿಯುವ ಹೊತ್ತಿಗೆ ಅವರು ಇನ್ನೊಂದು ವಿಷಯ ಹೇಳಿದರು. ದನಿ ಬದಲಾಗಿತ್ತು. ‘ಒಂದೇ ಒಂದು ಬೇಜಾರು ನಂಗೆ. ಪಾತ್ರ ಹೋಯ್ತು ಅಂತಲ್ಲ. ವಯಸ್ಸಾಗಿದೆ, ಕಾಯಿಲೆ ಕಾಲ, ಮನೇಲಿರಿ ಅಂದ್ರೆ ಇರ್ತೀನಿ. ಸ್ವಲ್ಪ ದಿನ ರೆಸ್ಟ್ ತಗೊಳ್ಳಿ ಸರ್, ಆಮೇಲೆ ಕರೀತೀವಿ ಅಂದಿದ್ರು. ಕಾಯ್ತಾ ಇದ್ದೆ. ಒಂದು ರಾತ್ರಿ ಊಟಕ್ಕೆ ಕೂತಾಗ ಟೀವೀಲಿ ನಿನ್ನ ಹೆಸರು ಬಂತು ನೋಡು, ಆಗಲೇ ನಂಗೆ ಗೊತ್ತಾಗಿದ್ದು. ಮೊಮ್ಮಗಳು ಪಕ್ಕದಲ್ಲೇ ಇದ್ಳು. ತಾತಾ, ನೀನು ಎಲ್ಲಿ ಹೋದೆ ಅಂತ ಕೇಳಿದ್ಳು.’

ನಮ್ಮ ಮನೆಯಲ್ಲಿ ಫೋಟೋ ತೆಗೆದು ಹಂಚಿದ ಅದೇ ಪಟ್ಟಿ. ಅದೇ ಐದಾರು ಸೆಕೆಂಡು.

ಇದನ್ನೆಲ್ಲ ಬರೆಯುತ್ತೇನೆ ಅಂದಾಗ ಅವರು, ‘ಬರಿ, ಆದ್ರೆ ನನ್ನ ಹೆಸರು ಬೇಡ, ಅವರ ಹೆಸರೂ ಬೇಡ. ಇನ್ನೂ ನಾಕು ಕೆಲಸ ಮಾಡ್ಬೇಕು ನಾನು’ ಅಂದರು. ಆದ್ದರಿಂದ ಇಲ್ಲಿ ಯಾರ ಹೆಸರೂ ಇಲ್ಲ. ದಿನದ ಲೆಕ್ಕದಲ್ಲಿ ದುಡಿಯುವ ಕಲಾವಿದರ ಪರಿಸ್ಥಿತಿ ಏನು ಅನ್ನುವುದು ಈ ಮಾತಿನಲ್ಲೇ ಇದೆ.

ಬೇರೆಯವರ ಹಾಗೆ ನಾವು ಬದಲಾವಣೆಯನ್ನು ಮುಚ್ಚಿಡುವುದಿಲ್ಲ, ಅಪಘಾತ ಪ್ಲಾಸ್ಟಿಕ್ ಸರ್ಜರಿ ಅಂತ ಕಥೆ ಕಟ್ಟುವುದೂ ಎಲ್ಲ ಸಲ ಇರುವುದಿಲ್ಲ. ನೇರವಾಗಿ ಹೆಸರು ಹಾಕಿ ಹೇಳುತ್ತೇವೆ. ಯಕ್ಷಗಾನ, ಕಂಪನಿ ನಾಟಕ ನೋಡಿದ ಜನಕ್ಕೆ ಇಷ್ಟು ಸಾಕು ಅನ್ನುವ ನಂಬಿಕೆ ಅದರಲ್ಲಿದೆ ಅಂತ ನನಗನ್ನಿಸುತ್ತದೆ. ಅದು ಒಳ್ಳೆಯದೇ. ಆದರೆ ಆ ಸಾಲು ಅರ್ಧ ಸತ್ಯ. ‘ಇನ್ನು ಮುಂದೆ’ ಯಾರು ಅಂತ ಹೇಳುತ್ತದೆ, ‘ಇಲ್ಲಿಯವರೆಗೆ’ ಯಾರು ಅಂತ ಹೇಳುವುದಿಲ್ಲ. ಯಕ್ಷಗಾನದಲ್ಲಿ ಇಂಥವರ ಮಹಿಷಾಸುರ ಅಂತ ಊರು ನೆನೆಯುತ್ತದೆ. ಇಂಗ್ಲೆಂಡಿನವರು ಮೊದಲನೆಯವರು, ಎರಡನೆಯವರು ಅಂತ ಎಣಿಸುತ್ತಾರೆ. ಎಣಿಸಿದರೆ ಹೋದವರೂ ಲೆಕ್ಕದಲ್ಲಿರುತ್ತಾರೆ. ನಮ್ಮಲ್ಲಿ 700 ಕಂತು ಮಾಡಿದವರು ಒಂದೇ ರಾತ್ರಿಯಲ್ಲಿ ಲೆಕ್ಕದಿಂದ ಹೊರಗೆ ಬೀಳುತ್ತಾರೆ.

ಇನ್ನೊಂದು ಸಾಲು ಸೇರಿಸುವುದಕ್ಕೆ ಖರ್ಚೇನೂ ಇಲ್ಲ. ಇಲ್ಲಿಯವರೆಗೆ ಇಂಥವರು, ಇನ್ನು ಮುಂದೆ ಇಂಥವರು. ಇನ್ನೊಂದು ಐದು ಸೆಕೆಂಡು. ಮತ್ತೆ ಅದಕ್ಕೂ ಮೊದಲು ಒಂದು ಫೋನು. ಇದನ್ನು ನಮ್ಮ ಧಾರಾವಾಹಿಯವರಿಗೂ ಹೇಳಿದೆ. ‘ಒಳ್ಳೇ ಐಡಿಯಾ ಸರ್’ ಅಂದರು. ಆಮೇಲೆ ಅತ್ತಿಗೆ ಪಾತ್ರ ಬದಲಾಯಿತು, ಆಗಲೂ ಹಳೇ ಪಟ್ಟಿಯೇ ಬಂತು.

ಧಾರಾವಾಹಿ ಈಗ ಮುಗಿದಿದೆ. ಕೊನೆಯ ದಿನದವರೆಗೂ ಗೋಡೆಯ ಮೇಲೆ ನನ್ನ ಫೋಟೋವೇ ಇತ್ತು, ಹಿಂದೆ ಅವರದೂ ಇತ್ತು. ಆ ಹಿರಿಯರು ಆಗಾಗ ಫೋನ್ ಮಾಡುತ್ತಾರೆ, ಈಗ ಒಂದು ಜಾಹೀರಾತಿನಲ್ಲಿ ತಾತ ಆಗಿದ್ದಾರೆ. ನಾನು ಮಾತ್ರ ಒಂದು ನಿಯಮ ಮಾಡಿಕೊಂಡಿದ್ದೇನೆ. ಯಾರ ಜಾಗಕ್ಕಾದರೂ ಕರೆದರೆ ಮೊದಲು ಅವರಿಗೆ ಫೋನ್ ಮಾಡುತ್ತೇನೆ, ಆಮೇಲೆ ಮ್ಯಾನೇಜರಿಗೆ ಡೇಟ್ಸ್ ಹೇಳುತ್ತೇನೆ. ಇದರಿಂದ ಒಂದು ಪಾತ್ರ ಕೈತಪ್ಪಿದೆ. ಹೋಗಲಿ.